ಬೂಟು ಕಂಪನೀದು, ಕಾಲು ಗುತ್ತೇದಾರಂದು

ಶಹಾಬಾದಿನ ಒಂದು ಪರಸಿ ಕಲ್ಲಿನ, ಅಂದ್ರ ನೆಲಕ್ಕ ಹಾಸೋ ಕಲ್ಲಿನ ಕಾರ್ಖಾನಿಗೆ ಒಂದ್ ದಿನದ ಮಟ್ಟಿಗೆ ದುಭಾಷಿ ಅಂತ ಹೋಗಿದ್ದೆರಿ, ಏನ್ ಹೇಳ್ಲಿ! ಕಲ್ಲು ಹೋಗೂದು ಪರದೇಶಕ್ಕ. ಕೆಲಸದ ಮಂದೀನ ನೆಟ್ಟಗ ನೋಡ್ಕೋತಾರೋ ಇಲ್ಲೋ ಅಂತ ತಪಾಸ್ ಮಾಡ್ಲಿಕ್ಕೆ ಆ ಪರದೇಶದ ಕೊಳ್ಳೋರು ಚೆನ್ನೈದಿಂದ ಒಬ್ಬ ಸಾಹೇಬರನ್ನ ಕಳಿಸಿದ್ರು. ಅವರಿಗೆ ಕನ್ನಡ ಬರಲ್ಲ.

ಹೋಗಿ ನೋಡಿದ್ರ ಕಂಪನಿಯವರು ಕೊಟ್ಟ ಹೊಸ ಬೂಟೆಲ್ಲ ಬಾಗಿಲ ಹೊರಗ ಸಾಲಾಗಿ ಕುಂತಾವ! ಮಂದಿ ಬರಿಗಾಲಾಗ ಕಲ್ಲಿನ ಮ್ಯಾಲ ನಿಂತು ಕೆಲಸ ಮಾಡ್ಲಿಕತ್ತಾರ. ಸಾಹೇಬರು ಗಾಬರಿ.

ಕಾಲಿನ ಹೆಬ್ಬೆರಳಿಗೆ ಪಟ್ಟಿ ಕಟ್ಕೊಂಡಿದ್ದ ಕೆಲಸದಾಕಿ ಶರಣಮ್ಮ ಅಂದಳು, "ಅನ್ನ ಕೊಡೋ ಕಲ್ಲರಿ, ಬೂಟ್ ಹಾಕ್ಕೊಂಡು ತುಳೀತಾರೇನು?"

"ಬೆರಳಿಗೆ ಏನಾಗ್ಯಾದ ಕೇಳು" ಅಂದ್ರು ಸಾಹೇಬರು.

"ಕಲ್ಲು ಬಿತ್ರಿ. ಕಂಪನಿಯವರು ನೀ ಗುತ್ತೇದಾರನ ಆಳು ಅಂತಾರ, ಗುತ್ತೇದಾರ ಕಂಪನಿಗೆ ಕೇಳು ಅಂತಾನ. ಬೂಟು ಕಂಪನೀದು, ಕಾಲು ಗುತ್ತೇದಾರಂದು! ಹಾಜರಿ ಪುಸ್ತಕದಾಗ ನನ್ನ ಹೆಸರೇ ಇಲ್ಲ, ಅದೊಂದು ಬರಸ್ರಿ."

ಬೂಟಿನ ಮಾತಷ್ಟೇ ಹೇಳು ಅಂತ ಕಾರ್ಖಾನಿ ಮ್ಯಾನೇಜರ್ ನನಗ ಕಣ್ಸನ್ನಿ ಮಾಡಿದ. ನನ್ನ ಬಾಯಿ ಕೇಳಬೇಕಲ್ಲ, ಎಲ್ಲಾ ಹೇಳಿಬಿಟ್ಟೆ! ಸಾಹೇಬರು ಬರ್ಕೊಂಡ್ರು.

ಶರಣಮ್ಮಗ ನಂಬಿಕಿ ಬರ್ಲಿಲ್ಲ. "ಸಾಹೇಬ್ರ, ನೀವು ಯಾರ ಕಡೆ ನೌಕರಿ?"

ಸಾಹೇಬರು ನಕ್ಕು, ತಮ್ಮದೂ ಏಜೆನ್ಸಿ ಕಡೆಯಿಂದ ಗುತ್ತಿಗಿ ಕೆಲಸಾನೇ ಅಂದ್ರು.

"ಹಂಗಾದ್ರ ನಮ್ಮವರೇ! ಬರ್ರಿ, ಕುಂದ್ರಿ" ಅಂತ ಕಲ್ಲಿನ ಮ್ಯಾಲ ಜಾಗ ಮಾಡಿದಳು. "ಮೊದಲ ಬೂಟ್ ಕಳೀರಿ."

ಅವರೂ ಕಳದ್ರು!

ಮುಂದಿನ ವಾರ ಶರಣಮ್ಮನ ಹೆಸರು ಪುಸ್ತಕದಾಗ ಏರ್ತಂತ. ನನ್ನ ಮಾತ್ರ ಆ ಕಾರ್ಖಾನಿಯವರು ಮತ್ತ ಕರದಿಲ್ಲ. ಯಾರಿಗೆ ಕೇಳ್ಲಿ, ನಂದೂ ಗುತ್ತಿಗೀನೇ ಇತ್ತಲ್ರಿ.