ಅಕ್ಕನಿಗೆ ಎರಡನೆಯ ನೀರು

ಕೊಯಮತ್ತೂರು ಕಡೆಯ ಕರುಮತ್ತಂಪಟ್ಟಿಯ ನಮ್ಮ ನೇಕಾರರ ಮನೆಗಳಲ್ಲಿ ಸಾವಾದರೆ ಮೊದಲು ಮಗ್ಗ ನಿಲ್ಲುತ್ತದೆ, ಆಮೇಲೆ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ನಮ್ಮಪ್ಪ ಇವೆರಡನ್ನೂ ಬದುಕಿದ್ದ ಮಗಳಿಗೆ ಮಾಡಿದ. ಅಕ್ಕ ಕ್ರೈಸ್ತ ಹುಡುಗನನ್ನು ಮದುವೆಯಾಗಿ ಜ್ಞಾನಸ್ನಾನ ಪಡೆದಳೆಂದು ತಿಳಿದ ಬೆಳಿಗ್ಗೆ ಪವರ್‌ಲೂಮ್‌ಗಳ ಸ್ವಿಚ್ ಆರಿಸಿ, ನಮ್ಮನ್ನೆಲ್ಲ ನೀರಿನ ತೊಟ್ಟಿಯ ಮುಂದೆ ನಿಲ್ಲಿಸಿ ತಣ್ಣೀರು ಸುರಿದ. "ಮುಗೀತು. ಅವಳು ಸತ್ತಳು," ಎಂದ. ಅಮ್ಮ ಒದ್ದೆ ಸೀರೆಯಲ್ಲೇ ಕುಸಿದು ಕೂತಳು. ಅಂದಿನಿಂದ ಅಪ್ಪನ ಬಾಯಲ್ಲಿ ಅಕ್ಕನ ಹೆಸರು ಬರಲಿಲ್ಲ. ಅಮ್ಮ ತೀರಿಕೊಂಡಾಗಲೂ ಅವಳನ್ನು ಒಳಗೆ ಬಿಡಲಿಲ್ಲ. ಬೀದಿಯಲ್ಲಿ ನಿಂತು ಅತ್ತು ಹೋದಳು.

ವರ್ಷಗಳ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ತೊದಲತೊಡಗಿತು. ನನ್ನ ಹೆಂಡತಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವವಳು, ನಾನು ಮಗ್ಗ ಬಿಟ್ಟು ಅಲ್ಲಾಡುವಂತಿಲ್ಲ. ಹೇಗೋ ಸುದ್ದಿ ತಿಳಿದು ಅಕ್ಕ ಬಂದಳು. ಹೊಸಿಲಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಸೀದಾ ಒಳಗೆ ಹೋಗಿ ನೀರು ಕಾಯಿಸಿದಳು. ಆಮೇಲೆ ದಿನಾ ಬೆಳಿಗ್ಗೆ ಅದೇ ಕೆಲಸ: ಹೇಲು ಉಚ್ಚೆ ಬಳಿದು, ಸ್ನಾನ ಮಾಡಿಸಿ, ಗಂಜಿ ಕುಡಿಸಿ ಹೋಗುವುದು. ಅಪ್ಪ ಗೋಡೆ ಕಡೆಗೆ ಮುಖ ತಿರುಗಿಸಿಕೊಂಡೇ ಇರುತ್ತಿದ್ದ. ಒಂದು ಸಲ ಹೆಸರು ಹಿಡಿದು ಕರೆದಿದ್ದರೆ ಅವಳಿಗೆ ಅಷ್ಟೇ ಸಾಕಿತ್ತು. ಕರೆಯಲಿಲ್ಲ ಮಹಾರಾಯ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟೆ. "ಈ ಮನುಷ್ಯನಿಗೆ ಇದನ್ನೆಲ್ಲ ಮಾಡಿಸ್ಕೊಳ್ಳೋ ಯೋಗ್ಯತೆ ಇದೆಯಾ ಅಕ್ಕಾ?"

"ನನ್ನ ಯೋಗ್ಯತೆ ನೋಡಿಯಾ ತಂಬಿ, ನಾನು ನಂಬಿದ ಸ್ವಾಮಿ ನನ್ನ ಸೇರಿಸ್ಕೊಂಡಿದ್ದು? ನೋಡಿದ್ದಿದ್ರೆ ಬಾಗ್ಲಲ್ಲೇ ನಿಲ್ಸಿರ್ತಿದ್ದ. ಅತ್ಲಾಗಿ ಸರಿ, ನೀರು ಆರೋಗುತ್ತೆ," ಎಂದಳು.

ಅದನ್ನು ಅವರ ಚರ್ಚಿನಲ್ಲಿ ಕೃಪೆ ಎನ್ನುತ್ತಾರಂತೆ. ನಾನು ಆಗ ಹುಚ್ಚು ಅಂದುಕೊಂಡೆ.

ಕಳೆದ ಮಳೆಗಾಲದಲ್ಲಿ ಜ್ವರವೆಂದು ಕೊಯಮತ್ತೂರಿನ ಆಸ್ಪತ್ರೆ ಸೇರಿದ ಅಕ್ಕ ವಾಪಸು ಬರಲಿಲ್ಲ. ಭಾವ ಫೋನ್ ಮಾಡಿ ಹೇಳಿದಾಗ ನಮ್ಮ ಮಗ್ಗಗಳು ಓಡುತ್ತಿದ್ದವು. ನಿಲ್ಲಿಸಲು ಹೋದರೆ ಪಕ್ಕದ ಮನೆಯ ದೊಡ್ಡಪ್ಪ ಅಡ್ಡ ಬಂದರು.

"ಅವಳಿಗೆ ಆವತ್ತೇ ನೀರು ಹಾಕ್ಕೊಂಡಾಯ್ತಲ್ಲ. ಒಬ್ಬಳಿಗೆ ಎರಡು ಸಲ ಸೂತಕ ಇಲ್ಲಪ್ಪ. ಓಡ್ಲಿ ಬಿಡು."

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ದಬದಬ ಸದ್ದಾಯಿತು. ಅಪ್ಪ ಎಡಗೈಯಿಂದ ಮಂಚ ಬಡಿಯುತ್ತಿದ್ದ.

"ನಿಲ್ಸು," ಎಂದ. ನಿಲ್ಲಿಸಿದೆ.

"ನೀರು," ಎಂದ.

ಅಕ್ಕ ಕೂರಿಸುತ್ತಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲೇ ಅವನನ್ನು ಕೂರಿಸಿದೆ. ಸಾವಿನ ನೀರು ತಣ್ಣಗೇ ಇರಬೇಕು. ಮೊದಲ ಚೊಂಬಿಗೇ ಮುದುಕ ಗಡಗಡ ನಡುಗಿದ. ಬಿಸಿನೀರು ಬೆರೆಸಲಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದ.

"ಅವಳು... ಕೈಯಿಟ್ಟು ನೋಡಿ... ಹುಯ್ಯೋಳು," ಎಂದ. ಎಡಗೈಯಿಂದ ಚೊಂಬು ತೋರಿಸಿ, "ನೀನು ತಣ್ಣಗೇ ಹುಯ್ಯಿ," ಎಂದ.

ಹುಯ್ದೆ. ನನಗೂ ಹುಯ್ದುಕೊಂಡೆ. ಆಗ ಅಪ್ಪ ಅಕ್ಕನ ಹೆಸರು ಹಿಡಿದು ಕರೆದ, ಅಡುಗೆಮನೆಯಲ್ಲಿ ಇರುವವಳನ್ನು ಕರೆಯುವ ಹಾಗೆ. ಮಗ್ಗಗಳು ನಿಂತಿದ್ದವು, ಆ ಕೂಗು ಬೀದಿಯವರೆಗೂ ಕೇಳಿಸಿತು. ಕೇಳಬೇಕಾದವಳು ಇರಲಿಲ್ಲ.