ಸೋಮವಾರ, ಬುಧವಾರ, ಎರಡರಿಂದ ನಾಲ್ಕು

ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಆಮೇಲೆ ಇಪ್ಪತ್ತೆರಡು ವರ್ಷ ಮಂಗಳೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿದೆ. ಇಷ್ಟೇ ನನ್ನ ವಿದ್ಯೆ. ಹಾಗಿದ್ದೂ ಅಬುಧಾಬಿಯ ನಮ್ಮ ಕಟ್ಟಡದಲ್ಲಿ ಯಾರ ಮಗುವಾದರೂ ಯೂನಿವರ್ಸಿಟಿಗೆ ಸೇರುವ ಹೊತ್ತಿಗೆ ತಾಯಂದಿರು ಮಗುವನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾರೆ. ಬರುವುದು ನನ್ನ ಮೊಮ್ಮಗಳನ್ನು ಕೇಳಲಿಕ್ಕೆ. ಯಾವ ವಿಷಯವನ್ನು ಮುಖ್ಯವಾಗಿ, ಅಂದರೆ ಮೇಜರ್ ಆಗಿ, ತೆಗೆದುಕೊಳ್ಳಬೇಕು, ಮೆಡಿಕಲ್‌ಗೆ ಮೊದಲಿನ ಪ್ರೀ-ಮೆಡ್ ಬೇಕೋ ಬೇಡವೋ, ಹಾಸ್ಟೆಲೋ ಮನೆಯೋ ಎಂದೆಲ್ಲ ಕೇಳುತ್ತಾರೆ. ಅವಳು ಸಮಾಧಾನದಿಂದ ಹೇಳುತ್ತಾಳೆ, ನಾನು ಚಹಾ ಕೊಡುತ್ತೇನೆ. ಆದರೆ ತನ್ನ ಮೊದಲ ವರ್ಷದ ಕಥೆಯನ್ನು ಅವಳು ಅರ್ಧಕ್ಕೇ ನಿಲ್ಲಿಸುತ್ತಾಳೆ. ಉಳಿದದ್ದನ್ನು ನಾನು ಬರೆದಿಡುತ್ತೇನೆ. ಅದರಲ್ಲಿ ನನ್ನ ತಪ್ಪೂ ಇತ್ತು, ಹಾಗಾಗಿ ಬರೆಯುವ ಹಕ್ಕೂ ಉಂಟು.

ನನ್ನ ಮಗಳು ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಳಿಯ ಮೈಸೂರಿನ ಕಡೆಯವನು, ಹಮ್ದಾನ್ ಸ್ಟ್ರೀಟಿನ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಐದನೇ ಮಾಳಿಗೆಯ ಮನೆ. ಇರುವುದು ಒಬ್ಬಳೇ ಮೊಮ್ಮಗಳು. ಅವಳಿಗೂ ನನಗೂ ಒಂದೇ ಕೋಣೆ, ಹಾಗಾಗಿ ಅವಳ ಗುಟ್ಟುಗಳಿಗೆ ನಮ್ಮ ಮನೆಯಲ್ಲಿ ಆಯುಸ್ಸು ಕಡಿಮೆ.

ನಮ್ಮ ಊರಿನಲ್ಲಿ ಡಾಕ್ಟರಾಗುವ ಕ್ರಮ ಎಲ್ಲರಿಗೂ ಗೊತ್ತು. ಪಿಯುಸಿ ಮುಗಿಸಬೇಕು, ಪರೀಕ್ಷೆ ಬರೆಯಬೇಕು, ಸೀಟು ಸಿಗಬೇಕು. ಸೀಟು ಸಿಕ್ಕಿತೋ, ಮುಗಿಯಿತು. ಹುಡುಗ ಇನ್ನೂ ಕಾಲೇಜಿನ ಗೇಟು ಕೂಡ ನೋಡಿರುವುದಿಲ್ಲ, ಮನೆಯವರು ಡಾಕ್ಟರ್ ಎಂದು ಕರೆಯಲು ಸುರು ಮಾಡಿರುತ್ತಾರೆ. ಮೊಮ್ಮಗಳಿಗೆ ಯೂನಿವರ್ಸಿಟಿಯಿಂದ ಕಾಗದ ಬಂದಾಗ ಅದರಲ್ಲಿ ಬಯಾಲಜಿ, ಪ್ರೀ-ಮೆಡ್ ಎಂದಿತ್ತು. ಮಗಳು ವಾರ್ಡಿನಿಂದಲೇ ಫೋನು ಮಾಡಿದಳು.

"ಅಮ್ಮಾ, ಸೀಟು ಆಯ್ತು!"

ನಾನು ಕಡಲೆಬೇಳೆ ಪಾಯಸಕ್ಕೆ ಇಟ್ಟೆ. ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು, "ಇಟ್ಸ್ ನಾಟ್ ಎ ಸೀಟ್, ಅಜ್ಜಿ. ಕೆಲವು ಕೋರ್ಸ್ ಅಷ್ಟೇ. ನಾಲ್ಕು ವರ್ಷ ಆದ್ಮೇಲೆ ಮೆಡಿಕಲ್‌ಗೆ ಬೇರೆ ಎಕ್ಸಾಮ್ ಬರೀಬೇಕು, ಬೇರೆ ಅಪ್ಲೈ ಮಾಡ್ಬೇಕು. ಸಿಗ್ತದೆ ಅಂತ ಗ್ಯಾರಂಟಿ ಇಲ್ಲ."

"ಅದೆಲ್ಲ ಫಾರ್ಮಾಲಿಟಿ ಕಣಮ್ಮ," ಎಂದ ಅಳಿಯ, ಟಿವಿ ನೋಡುತ್ತಲೇ.

"ಬೆಲ್ಲ ಹಾಕಿ ಆಗಿದೆ," ಎಂದೆ ನಾನು. "ಈಗ ಎಂತ ಮಾಡುದು?"

ಆ ಮಾಳಿಗೆಯ ಎಲ್ಲ ಮನೆಗಳಿಗೂ ಪಾಯಸ ಹೋಯಿತು. ಮರುದಿನದಿಂದ ಕೆಳಗಿನ ವಾಚ್‌ಮ್ಯಾನ್ ಅವಳಿಗೆ ಲಿಫ್ಟಿನ ಬಾಗಿಲು ಹಿಡಿದು "ಆಯಿಯೇ ಡಾಕ್ಟರ್ ಸಾಬ್" ಎನ್ನತೊಡಗಿದ. ಮಗಳ ವಾರ್ಡಿನಲ್ಲಿ ಕೇಕ್ ಕತ್ತರಿಸಿದರು. ಮೊಮ್ಮಗಳು ಇನ್ನೂ ಒಂದು ಕ್ಲಾಸಿಗೂ ಹೋಗಿರಲಿಲ್ಲ.

ಒಂದೂವರೆ ತಿಂಗಳಾಯಿತು. ಹುಡುಗಿ ಮಾತು ಕಡಿಮೆ ಮಾಡಿದಳು. ಡಬ್ಬಿಯ ಚಪಾತಿ ಹೋದ ಹಾಗೆಯೇ ವಾಪಸು ಬರುತ್ತಿತ್ತು. ಕ್ಯಾಂಪಸ್ಸಿನಲ್ಲಿ ಯಾರ ಜೊತೆ ಊಟ ಮಾಡುತ್ತಿ ಎಂದು ಕೇಳಿದರೆ "ಲೈಬ್ರರಿಯಲ್ಲಿ ಇರ್ತೇನೆ" ಎನ್ನುವುದು. ಆಗ ಇಲ್ಲಿ ಶುಕ್ರವಾರ, ಶನಿವಾರ ರಜೆ. ಶುಕ್ರವಾರ ಬೆಳಗ್ಗೆ ನಾನು ಅಲ್ ಮೀನಾದ ಮೀನು ಮಾರ್ಕೆಟಿಗೆ ಹೋಗುವುದು ವಾಡಿಕೆ. ವಾಸನೆ ಎಂದು ಮೂಗು ಮುಚ್ಚುವ ಹುಡುಗಿ ಒಂದು ಶುಕ್ರವಾರ ತಾನಾಗಿ ಚೀಲ ಹಿಡಿದು ಹೊರಟಳು. ಏನೋ ಉಂಟು ಎಂದು ನನಗೆ ಆಗಲೇ ಗೊತ್ತಾಯಿತು.

ಅಂಜಲ್ ಮೀನು ಕೊಂಡು, ಕೊಯ್ಯುವವರ ಸಾಲಿನಲ್ಲಿ ಕೊಟ್ಟು, ನಮ್ಮ ನಂಬರು ಕೂಗುವುದನ್ನು ಕಾಯುತ್ತಾ ನಿಂತಿದ್ದೆವು. ಅಷ್ಟು ಗದ್ದಲದಲ್ಲಿ ಅವಳಿಗೆ ಧೈರ್ಯ ಬಂತು.

"ಅಜ್ಜಿ, ನಾನು ಕೆಮಿಸ್ಟ್ರಿ ಬಿಡ್ತಾ ಇದ್ದೇನೆ. ಬಿಡ್ಲಿಕ್ಕೆ ಗುರುವಾರ ಲಾಸ್ಟ್ ಡೇ. ಫಾರ್ಮ್ ಫಿಲ್ ಮಾಡಿ ಆಯ್ತು."

"ಯಾಕೆ?"

"ಮೊದಲ ಎಕ್ಸಾಮಲ್ಲಿ ಮೂವತ್ತೆಂಟು."

"ಎಷ್ಟಕ್ಕೆ?"

"ನೂರಕ್ಕೆ, ಅಜ್ಜಿ. ಮತ್ತೆ ಎಷ್ಟಕ್ಕೆ?"

ಹನ್ನೆರಡನೇ ಕ್ಲಾಸಿನಲ್ಲಿ ಅದೇ ಕೆಮಿಸ್ಟ್ರಿಯಲ್ಲಿ ತೊಂಬತ್ತಾರು ತೆಗೆದ ಹುಡುಗಿ. ಇದನ್ನು ಬಿಟ್ಟರೆ ಮುಂದಿನ ಕೆಮಿಸ್ಟ್ರಿಗೆ ಹೋಗುವಂತಿಲ್ಲ, ಎಲ್ಲ ಒಂದು ವರ್ಷ ಹಿಂದೆ ಬೀಳುತ್ತದೆ ಎಂದಳು. ಆಮೇಲೆ ಮೆಲ್ಲನೆ ಪ್ರೀ-ಮೆಡ್ಡನ್ನೇ ಬಿಟ್ಟು ಬೇರೆ ಏನಾದರೂ ಓದುವುದು, ಮನೆಯಲ್ಲಿ ಸದ್ಯಕ್ಕೆ ಹೇಳದಿರುವುದು. ಇಷ್ಟು ಅವಳ ಯೋಜನೆ.

"ಮಮ್ಮಿ ಹತ್ರ ಹೇಳ್ಬೇಡಿ. ಪ್ಲೀಸ್."

"ಅದಿರಲಿ. ನಿನಗೆ ಡಾಕ್ಟರ್ ಆಗ್ಲಿಕ್ಕೆ ಮನಸ್ಸು ಉಂಟಾ, ಇಲ್ವಾ? ಮೊದಲು ಅದು ಹೇಳು."

"ಉಂಟು, ಅಜ್ಜಿ," ಎಂದಳು. "ಅದೇ ಪ್ರಾಬ್ಲಮ್."

ಮನಸ್ಸಿಲ್ಲ ಎಂದಿದ್ದರೆ ನಾನೇ ಅವಳ ತಾಯಿಗೆ ಹೇಳಿ ಖಲಾಸ್ ಮಾಡಿಸುತ್ತಿದ್ದೆ. ಮನಸ್ಸು ಇಟ್ಟುಕೊಂಡು ಬಿಡುವುದು ಎಂದರೆ ನನಗೆ ತಲೆ ಕೆಟ್ಟಿತು.

"ಕಲಿಸುವ ಮೇಷ್ಟ್ರ ಹತ್ರ ಕೇಳಿದ್ಯಾ?"

"ಪ್ರೊಫೆಸರಾ? ಅವರು ನನ್ನನ್ನು ಕರೀಲೇ ಇಲ್ಲ."

"ಕರೀದೆ ಹೋಗ್ಲಿಕ್ಕೆ ಇಲ್ವಾ?"

ಆಗ ಹೊರಗೆ ಬಂತು. ಮೊದಲ ದಿನವೇ ಒಂದು ಕಾಗದ ಕೊಟ್ಟಿದ್ದರಂತೆ. ಸೋಮವಾರ, ಬುಧವಾರ, ಎರಡರಿಂದ ನಾಲ್ಕು ಆಫೀಸ್ ಅವರ್ಸ್ ಎಂದು ಅದರಲ್ಲಿಯೂ ಬರೆದಿದೆ, ಅವರ ಬಾಗಿಲ ಮೇಲೂ ಬರೆದಿದೆ. ಇವಳು ತಿಳಿದದ್ದು, ಏನಾದರೂ ತಪ್ಪು ಮಾಡಿ ಕರೆಸಿಕೊಂಡವರು ಹೋಗುವ ಹೊತ್ತು ಅದು ಎಂದು. ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹದಿಮೂರು ವರ್ಷ ಕಲಿತವಳು. ಸ್ಟಾಫ್‌ರೂಮಿನ ಬಾಗಿಲಿಗೆ ಹೋಗುವುದೆಂದರೆ ಡೈರಿಯಲ್ಲಿ ಕೆಂಪು ಶಾಯಿ, ಮನೆಗೆ ಫೋನು. ಅವಳ ಸ್ಕೂಲಿನಿಂದ ಬಂದ ಯಾರೂ ಆ ಬಾಗಿಲಿಗೆ ಹೋಗಿರಲಿಲ್ಲ.

ಒಂದು ಗಳಿಗೆ ನನಗೂ ಅದು ಸರಿಯೆಂದೇ ಕಂಡಿತು. ನನ್ನ ಶಾಲೆಯಲ್ಲಿ ಹೆಡ್‌ಮಾಸ್ಟರ ಕೋಣೆಗೆ ಹೋದವರು ಅಂಗೈ ಊದಿಸಿಕೊಂಡು ಬರುತ್ತಿದ್ದರು. ಆದರೆ ಬಾಗಿಲ ಮೇಲೆ ಹೊತ್ತು ಬರೆಯುವುದು? ಅದನ್ನು ನಾನು ಇಪ್ಪತ್ತೆರಡು ವರ್ಷ ನೋಡಿದ್ದೇನೆ.

"ಅದು ಓಪಿಡಿ, ಮಾರಾಯ್ತಿ!" ಎಂದೆ. "ರೋಗಿ ಬರಲಿ ಅಂತ ಬೋರ್ಡು ಹಾಕುದು. ಡಾಕ್ಟ್ರು ರೋಗಿಯ ಮನೆಗೆ ಹೋಗಿ ಕರೀತಾರಾ? ನೀನು ಮೂವತ್ತೆಂಟು ಜ್ವರ ಇಟ್ಟುಕೊಂಡು ಲೈಬ್ರರಿಯಲ್ಲಿ ಕೂತಿದ್ದಿ."

ಅಷ್ಟರಲ್ಲಿ ನಮ್ಮ ನಂಬರು ಕೂಗಿದರು. ಮೀನು ತೆಗೆದುಕೊಂಡೆವು. ಟ್ಯಾಕ್ಸಿಯಲ್ಲಿ ಅವಳು ಹೇಳಿದಳು, ನನಗೆ ಹೆದರಿಕೆ ಎಂದು. ನಾನು ಹೇಳಿದೆ, ಸೋಮವಾರ ನಾನೂ ಬರುತ್ತೇನೆ ಎಂದು. ಅದಕ್ಕೆ ಅವಳಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಸೋಮವಾರ ಯೂನಿವರ್ಸಿಟಿಯ ಗೇಟಿನಲ್ಲಿ ನನ್ನ ಐಡಿ ಕಾರ್ಡು ಇಟ್ಟುಕೊಂಡು ಕೊರಳಿಗೆ ಒಂದು ವಿಸಿಟರ್ ಪಟ್ಟಿ ಹಾಕಿದರು. ಕೈಯಲ್ಲಿ ಚಕ್ಕುಲಿ ಡಬ್ಬಿ. ಮೇಷ್ಟ್ರ ಹತ್ತಿರ ಬರಿಗೈಯಲ್ಲಿ ಹೋಗಬಾರದಲ್ಲ.

"ಅಜ್ಜಿ, ನೋ! ಲಂಚ ಅಂದ್ಕೊಳ್ತಾರೆ!"

"ಚಕ್ಕುಲಿಗೆ ಯಾರು ಮಾರ್ಕ್ ಕೊಡ್ತಾರೆ?"

ಅವಳು ಒಪ್ಪಲಿಲ್ಲ. ಡಬ್ಬಿ ನನ್ನ ಮಡಿಲಲ್ಲೇ ಉಳಿಯಿತು. ಓಣಿಯ ಹಾಗಿರುವ ಉದ್ದ ಜಾಗ, ಎಸಿ ಎಂದರೆ ಮೀನಿಗೆ ಐಸ್ ಹಾಕಿದ ಹಾಗೆ. ಪ್ರೊಫೆಸರರ ಬಾಗಿಲು ತೆರೆದೇ ಇತ್ತು. ಎದುರಿನ ಬೆಂಚಿನಲ್ಲಿ ನಾನು ಕೂತೆ. ಇವಳು ಬಾಗಿಲನ್ನು ದಾಟಿ ಹೋಗಿ ನೀರು ಕುಡಿದು ಬಂದಳು. ಇನ್ನೊಮ್ಮೆ ದಾಟಿ ಹೋಗಿ ನೀರು ಕುಡಿದು ಬಂದಳು.

"ಮೂರನೇ ಸಲ ನೀರು ಕುಡಿದ್ರೆ ಒಳಗೆ ನಾನು ಹೋಗುದು," ಎಂದೆ. "ನನ್ನ ಹಿಂದಿಯಲ್ಲಿ ಮಾತಾಡುದು."

ಹೋದಳು.

ಒಳಗಿದ್ದವರು ಸ್ವೆಟರ್ ಹಾಕಿದ ಸಣ್ಣ ಆಳು, ತಲೆ ಬೋಳು, ಯಾವ ದೇಶದವರೋ. ಅವರ ಇಂಗ್ಲಿಷ್ ನನಗೆ ತಿಳಿಯಲಿಲ್ಲ, ಆದರೆ ನಡೆದದ್ದು ಕಾಣುತ್ತಿತ್ತು. ಅವಳ ಪುಸ್ತಕ ನೋಡಿದರು. ಬಿಡಿಸಿಟ್ಟ ಲೆಕ್ಕಗಳನ್ನೆಲ್ಲ ಅವಳು ಬೈಹಾರ್ಟ್ ಮಾಡಿದ್ದಳು, ಬೋರ್ಡ್ ಪರೀಕ್ಷೆಗೆ ಮಾಡಿದ ಹಾಗೆಯೇ. ಅವರು ಪುಸ್ತಕ ಮುಚ್ಚಿ, ಗೋಡೆಯ ಬಿಳಿ ಬೋರ್ಡಿನ ಹತ್ತಿರ ನಿಲ್ಲಿಸಿ, ಕೈಗೆ ಪೆನ್ನು ಕೊಟ್ಟರು. ಕಂಬದ ಹಾಗೆ ನಿಂತಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತು. ಹೊಸದಾಗಿ ಹೆರಿಗೆ ಕೋಣೆಗೆ ಬಂದ, ಡಾಕ್ಟರಿಕೆ ಕಲಿಯುವ ಮಕ್ಕಳು ಹಾಗೆಯೇ ನಿಲ್ಲುತ್ತಿದ್ದರು. ಬೈಗುಳ ಈಗ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವರು ಒಂದು ಸಾಲು ಬರೆದರು, ಇವಳು ಒಂದು ಸಾಲು ಬರೆದಳು.

ಅಷ್ಟರಲ್ಲಿ ಬೆಂಚಿಗೆ ಇನ್ನಿಬ್ಬರು ಹುಡುಗಿಯರು ಬಂದು ಕೂತರು. ಒಬ್ಬಳು ಮಲೆಯಾಳಿ, ಒಬ್ಬಳು ತಲೆಗೆ ಬಟ್ಟೆ ಕಟ್ಟಿದ ಈಜಿಪ್ಟಿನವಳು. ಡಬ್ಬಿ ತೆರೆದೆ.

"ಮುರುಕ್ಕು!" ಎಂದಳು ಮಲೆಯಾಳಿ.

"ಮುರುಕ್ಕು ಅಲ್ಲ, ಚಕ್ಕುಲಿ. ಖಾವೋ."

ತಿಂದರು. ಇಬ್ಬರ ಕೈಯಲ್ಲೂ ಅದೇ ಪರೀಕ್ಷೆಯ ಕಾಗದ ಮಡಚಿಕೊಂಡಿತ್ತು. ತೋರಿಸಿ ಎಂದು ಕೈ ನೀಡಿದೆ, ತೋರಿಸಿದರು. ಇಂಗ್ಲಿಷ್ ಬಾರದಿದ್ದರೂ ನನಗೆ ಅಂಕೆ ಬರುತ್ತದೆ. ಮುಕ್ಕಾಲು ಗಂಟೆಯ ಮೇಲೆ ಮೊಮ್ಮಗಳು ಹೊರಗೆ ಬಂದಾಗ ಹೇಳಿದೆ, "ಇವಳಿಗೆ ನಲವತ್ತೊಂದು, ಇವಳಿಗೆ ಇಪ್ಪತ್ತೊಂಬತ್ತು. ನೀನು ಮಧ್ಯದಲ್ಲಿ."

"ಅಜ್ಜಿ!" ಎಂದು ಅವಳ ಮುಖ ಕೆಂಪಾಯಿತು. ಕನ್ನಡ ತಿಳಿಯದಿದ್ದರೂ ಮಲೆಯಾಳಿ ಹುಡುಗಿಗೆ ಅಂಕೆಗಳು ತಿಳಿದವೋ ಏನೋ, ಅವಳೇ ಮೊದಲು ನಕ್ಕಳು. ಆಮೇಲೆ ಮೂವರೂ ಇಂಗ್ಲಿಷಿನಲ್ಲಿ ಎಷ್ಟು ಮಾತಾಡಿದರೆಂದರೆ ನಾನು ಟ್ಯಾಕ್ಸಿ ಹಿಡಿದು ಒಬ್ಬಳೇ ಮನೆಗೆ ಬಂದೆ.

ಬುಧವಾರ ಅವಳು ನನ್ನನ್ನು ಕರೆಯಲಿಲ್ಲ, ಆ ಹುಡುಗಿಯರ ಜೊತೆ ಹೋದಳು. ಸಂಜೆ ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಎಲ್ಲ ಹೇಳಿದಳು. ಮೂವತ್ತೆಂಟನ್ನೂ ಹೇಳಿದಳು, ಫಾರ್ಮನ್ನೂ ತಟ್ಟೆಯ ಪಕ್ಕ ಇಟ್ಟಳು.

ಮಗಳು ಡ್ಯೂಟಿ ಮುಗಿಸಿ ಬಂದವಳು. "ನನ್ನ ವಾರ್ಡಿನಲ್ಲಿ ಎಲ್ಲರಿಗೂ ಹೇಳಿ ಆಗಿದೆ," ಎಂದಳು. "ಊರಲ್ಲಿ ಎಲ್ಲರಿಗೂ ಹೇಳಿ ಆಗಿದೆ."

"ಹೇಳಿದ್ದು ನೀನು. ಪಾಯಸ ಹಂಚಿದ್ದು ನಾನು," ಎಂದೆ. "ಇದು ಸೀಟಲ್ಲ ಅಂತ ಅವಳು ಬಾಗಿಲಲ್ಲಿ ನಿಂತು ಹೇಳಿದ್ಳು. ತಿಂದವರಿಗೆಲ್ಲ ಅದು ಅವತ್ತೇ ಕರಗಿದೆ. ಇವಳ ಹೊಟ್ಟೆಯಲ್ಲಿ ಮಾತ್ರ ಇನ್ನೂ ಕೂತಿದೆ."

ಅಳಿಯ ಅಷ್ಟು ಹೊತ್ತು ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. "ಹಾಗಾದ್ರೆ ಇದು ಸೀಟ್ ಅಲ್ವೇನಮ್ಮ?" ಎಂದ.

"ಪಪ್ಪಾ, ಐ ಟೋಲ್ಡ್ ಯೂ ಇನ್ ಆಗಸ್ಟ್!"

"ಅತ್ತೆ, ನಿಮಗೆ ಗೊತ್ತಿತ್ತಾ?"

"ನನಗೆ ಎಲ್ಲಿಂದ ಗೊತ್ತು? ನಾನು ಐದನೇ ಕ್ಲಾಸು. ನೀವು ಕೋಟು ಹಾಕಿ ಆಫೀಸಿಗೆ ಹೋಗುವವರು."

ಅವನಿಗೆ ನಗು ಬಂತು. ಮಗಳಿಗೆ ಬರಲಿಲ್ಲ. "ಈಗ ಮೇಷ್ಟ್ರು ಎಂತ ಹೇಳಿದ್ರು? ಬಿಡಬೇಕಾ?" ಎಂದು ಕೇಳಿದಳು.

ಅವರು ಬಿಡು ಎಂದೂ ಹೇಳಿರಲಿಲ್ಲ, ಇರು ಎಂದೂ ಹೇಳಿರಲಿಲ್ಲ. ಹೊಸ ಮೂರು ಲೆಕ್ಕ ಕೊಟ್ಟಿದ್ದರು. ಪುಸ್ತಕ ನೋಡದೆ ಎರಡು ಬಂದರೆ ಇರುವುದರಲ್ಲಿ ಅರ್ಥವುಂಟು, ತೀರ್ಮಾನ ನಿನ್ನದು ಎಂದಿದ್ದರು. ಅವಳಿಗೆ ಎರಡು ಬಂದಿದ್ದವು. ಮೂರನೆಯದು ಎಲ್ಲಿ ತಪ್ಪಿತು ಎಂದೂ ಗೊತ್ತಾಗಿತ್ತು.

"ನಾನು ಇರ್ತೇನೆ, ಮಮ್ಮಿ."

"ಪುನಃ ಫೇಲ್ ಆದ್ರೆ?"

"ಆದ್ರೆ ಆಯ್ತು. ಆವಾಗ ಎಲ್ಲರಿಗೂ ಗೊತ್ತಾಗ್ತದೆ, ಅಷ್ಟೇ ಅಲ್ವಾ?"

ಮಗಳು ನನ್ನ ಕಡೆ ನೋಡಿದಳು. ಅವಳಿಗೂ ಗೊತ್ತಿದ್ದದ್ದನ್ನೇ ನಾನು ಹೇಳಿದೆ. ಮೊದಲ ಹೆರಿಗೆಗೆ ಕೈ ನಡುಗದ ಡಾಕ್ಟರನ್ನು ನಾನು ನೋಡಿಲ್ಲ. ಆದರೆ ತನಗೆ ಗೊತ್ತಿಲ್ಲ ಎಂದು ಪಕ್ಕದ ಸಿಸ್ಟರನ್ನು ಕೇಳಲು ನಾಚುವ ಡಾಕ್ಟರುಗಳನ್ನು ನೋಡಿದ್ದೇನೆ. ನಮ್ಮ ಮನೆಯ ಹೆಂಗಸರನ್ನು ಅಂಥವರ ಹತ್ತಿರ ನಾನು ಯಾವತ್ತೂ ಕಳಿಸಲಿಲ್ಲ. ಮಗಳು ಫಾರ್ಮನ್ನು ಎತ್ತಿ, ಸಾರಿನ ಪಾತ್ರೆಗೆ ಜಾಗ ಮಾಡಿದಳು.

ಗುರುವಾರ ಕಳೆಯಿತು. ಎರಡನೇ ಪರೀಕ್ಷೆಯಲ್ಲಿ ಅರವತ್ತೊಂದು ಬಂತು. ಕೊನೆಗೆ ಸಿಕ್ಕಿದ ಗ್ರೇಡು ಬಿ ಮೈನಸ್. "ಮೈನಸ್ ಯಾಕೆ?" ಎಂದು ಅಳಿಯ ಕೇಳಿದ. ಬುಧವಾರ ಮಧ್ಯಾಹ್ನ ಮೂವರು ಹುಡುಗಿಯರು ಒಟ್ಟಿಗೆ ಉಣ್ಣತೊಡಗಿದರು, ಡಬ್ಬಿಗೆ ನಾನು ಎರಡು ಚಪಾತಿ ಹೆಚ್ಚು ಹಾಕತೊಡಗಿದೆ. ಮೊದಲ ವರ್ಷ ಒಬ್ಬರೇ ಊಟ ಮಾಡಬೇಡಿ ಎಂದು ಈಗ ಮನೆಗೆ ಬರುವ ಮಕ್ಕಳಿಗೆ ಅವಳು ಹೇಳುವುದು ಅಲ್ಲಿಂದ ಬಂದದ್ದು.

ಎರಡನೇ ವರ್ಷ ಮೇಜರ್ ಬರೆದುಕೊಡುವ ಹೊತ್ತು ಬಂತು. ಪ್ರೀ-ಮೆಡ್ ಎಂದರೆ ಮೇಜರ್ ಅಲ್ಲ, ಮೆಡಿಕಲ್‌ಗೆ ಬೇಕಾದ ಕೋರ್ಸುಗಳನ್ನು ಮುಗಿಸಿದರೆ ಯಾವ ವಿಷಯವನ್ನಾದರೂ ಮೇಜರ್ ಮಾಡಬಹುದು ಎಂದು ಅಲ್ಲಿನ ಸಲಹೆಗಾರ್ತಿ ಹೇಳಿದರಂತೆ. ಇವಳು ಬಯಾಲಜಿ ಬಿಟ್ಟು ಕೆಮಿಸ್ಟ್ರಿ ಬರೆದಳು.

"ಕೆಮಿಸ್ಟ್ರಿಯಾ?" ಎಂದಳು ತಾಯಿ. "ಅದರಲ್ಲೇ ಅಲ್ವಾ ನೀನು ಬಿದ್ದದ್ದು?"

"ಹೌದು. ಅದೇ ನನಗೆ ಇಷ್ಟ ಅಂತ ಆಮೇಲೆ ಗೊತ್ತಾಯ್ತು."

"ಕಡೆಗೆ ಡಾಕ್ಟರ್ ಆಗ್ತಿಯಾ ಇಲ್ವಾ?" ಎಂದು ನಾನು ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ಟ್ರೈ ಮಾಡ್ತೇನೆ, ಅಜ್ಜಿ. ಆಗ್ತದಾ ಗೊತ್ತಿಲ್ಲ."

ಆ ವಾರವೇ ಊರಿನಿಂದ ನನ್ನ ತಂಗಿಯ ಫೋನು ಬಂತು. ಮಗಳೇ ಎತ್ತಿದಳು. ಡಾಕ್ಟರಮ್ಮ ಹೇಗಿದ್ದಾಳೆ ಎಂದು ಆ ಕಡೆಯಿಂದ ಕೇಳಿರಬೇಕು. ಮಗಳು, "ಅವಳು ಈಗ ಕೆಮಿಸ್ಟ್ರಿ ಓದ್ತಾ ಇದ್ದಾಳೆ, ಚಿಕ್ಕಮ್ಮಾ. ಡಾಕ್ಟರ್ ಆಗುದು ಗೊತ್ತಿಲ್ಲ, ನೋಡುವ," ಎಂದಳು. ಹೇಳಿ ಕೋಣೆಯ ಕಡೆ ಇಣುಕಿದಳು. ಮೊಮ್ಮಗಳು ಪುಸ್ತಕದಿಂದ ತಲೆ ಎತ್ತಲೇ ಇಲ್ಲ. ಮರುದಿನ ಅವಳಿಗೆ ಪರೀಕ್ಷೆ ಇತ್ತು.