ಜುಲೈನಲ್ಲೇ ಕೆಂಪಾದ ಟೊಮ್ಯಾಟೊ

ಜೋಯಾ ಮೊದಲ ಸಲ ಅಗ್ನಿಯಾಳ ಬೇಲಿಯ ಬಳಿ ಬಂದು ನಿಂತದ್ದು ಜುಲೈ ಇಪ್ಪತ್ತರ ಬೆಳಗ್ಗೆ. ಪಕ್ಕದ ತೋಟವನ್ನು ಆಕೆ ಕೊಂಡದ್ದು ಅದೇ ವಸಂತದಲ್ಲಿ. ಕೈಯಲ್ಲಿದ್ದ ತಟ್ಟೆಯಲ್ಲಿ ಮುಷ್ಟಿಗಾತ್ರದ ಆರು ಟೊಮ್ಯಾಟೊ ಹಣ್ಣುಗಳಿದ್ದವು.

“ಮೊದಲ ಹಣ್ಣು ನೆರೆಯವರಿಗೆ ಕೊಡ್ಬೇಕು ಅಂತಾಳೆ ಅಮ್ಮ. ತಗೊಳ್ಳಿ, ಅಗ್ನಿಯಾ ಸವೇಲ್ಯೆವ್ನಾ.”

ಅಗ್ನಿಯಾ ತಟ್ಟೆ ತೆಗೆದುಕೊಂಡಳು. ಆದರೆ ಹಣ್ಣುಗಳತ್ತ ಸರಿಯಾಗಿ ನೋಡದೆ ಒಳಗೆ ಒಯ್ದಿಟ್ಟಳು.

ರೈಲ್ವೆಯಲ್ಲಿ ಟೆಲಿಫೋನ್ ಕೆಲಸ ಮಾಡಿ ನಿವೃತ್ತಳಾದ ಅಗ್ನಿಯಾ ಒಂಬತ್ತು ವರ್ಷಗಳಿಂದ ಇಂಥದೇ ಹಣ್ಣಿಗಾಗಿ ಹೆಣಗುತ್ತಿದ್ದಳು. ಓಬ್ ನದಿಯ ಆ ದಂಡೆಯಲ್ಲಿ ಜೂನ್ ಬಂದರೂ ಇಬ್ಬನಿ ಹೆಪ್ಪುಗಟ್ಟುತ್ತಿತ್ತು. ಆಗಸ್ಟ್ ಮುಗಿಯುವ ಮೊದಲೇ ಮತ್ತೆ ಹಿಮಕ್ಕೆ ಗಿಡಗಳು ಸುಟ್ಟುಹೋಗುತ್ತಿದ್ದವು. ಎಲ್ಲರೂ ಹಸಿರು ಕಾಯಿಗಳನ್ನೇ ಕಿತ್ತು, ಉಣ್ಣೆಯ ಬೂಟುಗಳೊಳಗೆ ತುಂಬಿಟ್ಟು ಹಣ್ಣು ಮಾಡುತ್ತಿದ್ದರು. ಗಾಜಿನ ಮನೆಯಿಲ್ಲದೆ, ಗಿಡದಲ್ಲೇ, ಜುಲೈನಲ್ಲೇ ಕೆಂಪಾಗುವ ದೊಡ್ಡ ಹಣ್ಣನ್ನು ಬೆಳೆಸಬೇಕೆಂಬುದು ಅಗ್ನಿಯಾಳ ಹಟ. ಅದಕ್ಕಾಗಿ ಹುಬ್ಬು ಕೀಳುವ ಚಿಮಟದಿಂದ ಹೂವಿನ ಕೇಸರಗಳನ್ನು ಕಿತ್ತು, ಬೇರೆ ತಳಿಯ ಪರಾಗವನ್ನು ಕುಂಚದಿಂದ ಸವರಿ, ಕೆಂಪು ದಾರ ಕಟ್ಟಿ, ಪ್ರತಿ ಬೆರಕೆಗೂ ಒಂದು ಅಂಕೆ ಕೊಟ್ಟು ಕಾಯುತ್ತಿದ್ದಳು. ಅವಳ ಗಿಡಗಳಲ್ಲಿ ಈಗಲೂ ಕಲ್ಲಿನಂಥ ಹಸಿರು ಕಾಯಿಗಳೇ ಇದ್ದವು.

ಮಧ್ಯಾಹ್ನ ನಲ್ಲಿಯ ಬಳಿ ಸಿಕ್ಕವರಿಗೆಲ್ಲ ಅಗ್ನಿಯಾ, ಜೋಯಾಳವು ಸಂತೆಯಿಂದ ತಂದು ದಾರದಲ್ಲಿ ಗಿಡಕ್ಕೆ ಕಟ್ಟಿದ ಹಣ್ಣುಗಳೆಂದು ಹೇಳಿದಳು. ಹೇಳಿದ ಮೇಲೂ ಸಮಾಧಾನವಾಗಲಿಲ್ಲ. ಜೋಯಾ ಅಂಗಡಿಗೆ ಹೋದ ಹೊತ್ತು ನೋಡಿ ಬೇಲಿ ದಾಟಿದಳು. ತೊಟ್ಟುಗಳನ್ನು ಮುಟ್ಟಿ ನೋಡುತ್ತಿರುವಾಗ ಹಿಂದಿನಿಂದ ಜೋಯಾಳ ಮಾತು ಕೇಳಿಸಿತು.

“ದಾರ ಸಿಕ್ತಾ?”

ಅಗ್ನಿಯಾಳ ಮುಖ ಹಣ್ಣಿಗಿಂತ ಕೆಂಪಾಯಿತು. ಆದರೆ ಅವಳನ್ನು ಅಲ್ಲಿಯೇ ನಿಲ್ಲಿಸಿದ್ದು ನಾಚಿಕೆಯಲ್ಲ. ಆಲೂಗಡ್ಡೆಯ ಎಲೆಯಂಥ ಅಗಲ ಎಲೆ, ಹಣ್ಣಿನ ತುದಿಯಲ್ಲಿ ಗಿಣಿಮೂಗಿನಂಥ ಚೂಪು. ಅಂಥ ಗುರುತು ಇದ್ದದ್ದು ಅವಳ ಏಳನೆಯ ಬೆರಕೆಗೆ ಮಾತ್ರ. ಬೀಜ ಎಲ್ಲಿಯದೆಂದು ಕೇಳಿದಳು.

ಮೂರು ವರ್ಷದ ಹಿಂದೆ ಬಸ್ ನಿಲ್ದಾಣದಲ್ಲಿ ಯಾರೋ ಮೊಸರಿನ ಡಬ್ಬಿಗಳಲ್ಲಿ ಕುಳ್ಳ ಸಸಿಗಳನ್ನು ಬಿಟ್ಟುಹೋಗಿದ್ದರಂತೆ. ಜೋಯಾ ಪಾಪವೆಂದು ಅಮ್ಮನ ತೋಟಕ್ಕೆ ಒಯ್ದು ನೆಟ್ಟು, ಪ್ರತಿವರ್ಷ ಮೊದಲು ಹಣ್ಣಾದುದರ ಬೀಜವನ್ನೇ ಎತ್ತಿಟ್ಟಿದ್ದಳು.

ಬಿಟ್ಟುಹೋದವಳು ಅಗ್ನಿಯಾಳೇ. ಮನೆ ಬೆಚ್ಚಗಿಡುವ ಬಿಸಿನೀರ ಕೊಳವೆಯ ಮೇಲಿನ ಕಿಟಕಿಯಲ್ಲಿ ಸರಸರ ಬೆಳೆದ ಸಸಿಗಳೇ ಬಲವಾದವೆಂದು ನಂಬಿ ಅವನ್ನೇ ಉಳಿಸಿಕೊಳ್ಳುತ್ತಿದ್ದಳು. ಸಸಿಯನ್ನು ಕಸಕ್ಕೆ ಹಾಕುವ ಮನಸ್ಸು ಅಲ್ಲಿ ಯಾರಿಗೂ ಬರುವುದಿಲ್ಲ. ಕುಳ್ಳವು ನಿಲ್ದಾಣದ ಬೆಂಚಿಗೆ ಹೋಗುತ್ತಿದ್ದವು. ಚಳಿಯಲ್ಲಿ ಮೊದಲು ಹೂಬಿಡುವ ಗುಣವಿದ್ದದ್ದು ಆ ಕುಳ್ಳ ಗಿಡಗಳಿಗೆ.

“ಡಬ್ಬಿ ಮೇಲೆ ನೀಲಿ ಪೆನ್ಸಿಲ್‌ನಲ್ಲಿ ಏಳು ಅಂತ ಬರೆದಿತ್ತಾ?”

“ಬರೆದಿತ್ತು.”

“ಅದು ನನ್ನ ಬರಹ. ಈ ತಳಿ ನಂದು.”

ಜೋಯಾ ಅಂಗಡಿಯ ಚೀಲವನ್ನು ಕೆಳಗಿಟ್ಟಳು. “ಹೆತ್ತೋರು ನೀವು, ಬಿಟ್ಟೋರೂ ನೀವೇ. ಸಾಕಿದೋಳು ನಾನು. ಅರ್ಧ ನಿಮ್ಮದು, ಅಷ್ಟೇ.”

ಅರ್ಧವೆಂಬ ಮಾತು ಅಗ್ನಿಯಾಳಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಬೀಜಕ್ಕಾಗಿ ಕೈಯೊಡ್ಡಿದಳು.

ಎಪ್ಪತ್ತಮೂರು ವರ್ಷದ ಅಗ್ನಿಯಾ ಈಗ ಸಸಿಗಳನ್ನು ಥಂಡಿ ಬಾಲ್ಕನಿಯಲ್ಲೇ ಬೆಳೆಸುತ್ತಾಳೆ. ಉದ್ದ ಬೆಳೆದವನ್ನು ನಿರ್ದಯವಾಗಿ ಬೇರೆಯಿಡುತ್ತಾಳೆ. ಹೋದ ವರ್ಷ ಜೋಯಾಳ ಹಣ್ಣು ಅವಳದಕ್ಕಿಂತ ನಾಲ್ಕು ದಿನ ಮುಂಚೆ ಕೆಂಪಾಯಿತು. ಈ ಬೇಸಿಗೆಯಲ್ಲಿ ಅಗ್ನಿಯಾ ನದಿಯಿಂದ ಕಪ್ಪು ಕಲ್ಲುಗಳನ್ನು ಹೊತ್ತು ತಂದು, ಬಿಸಿಲು ಹೀರಲೆಂದು ಗಿಡಗಳ ಬುಡಕ್ಕೆ ಜೋಡಿಸುತ್ತಿದ್ದಾಳೆ. ಜೋಯಾ ಕೇಳಿದರೆ, ತೋಟದ ಅಂದಕ್ಕೆ ಎನ್ನುತ್ತಾಳೆ.